ಟ್ಯಾಬ್ ಇರುವ ಡೈಲಾಗ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಎಪಿಎಂಸಿಯ ಟೊಮೇಟೊ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಡಿಪ್ಲೊಮಾ, ಬಿಸಿಎ ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಮಯದಲ್ಲಿ ಫೋನ್ ಮಾಡುತ್ತಾರೆ, ಮೆಸೇಜ್ ಕಳಿಸುತ್ತಾರೆ, ಕೆಲವರು ಅಂಗಡಿಗೇ ಬಂದು ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಟ್ಯಾಬ್ ಇರುವ ಡೈಲಾಗ್, ಅಂದರೆ ಮೇಲೆ ಹೆಸರುಗಳ ಸಾಲಿದ್ದು ಒತ್ತಿದ ಹೆಸರಿನ ಪುಟವನ್ನು ಮಾತ್ರ ತೋರಿಸುವ ಪುಟ್ಟ ವಿಂಡೋ, ಅದರ ಬಗ್ಗೆ ಅವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಉದಾಹರಣೆಗೆ ಉದ್ದಕ್ಕೂ ಒಂದೇ ಡೈಲಾಗ್ ತೆಗೆದುಕೊಂಡಿದ್ದೇನೆ: ಮಂಡಿ ಸಾಫ್ಟ್‌ವೇರಿನ ಸೆಟ್ಟಿಂಗ್ಸ್. ಅದರಲ್ಲಿ ಐದು ಟ್ಯಾಬ್: ಅಂಗಡಿ, ಕಮಿಷನ್, ಪ್ರಿಂಟರ್, ಬ್ಯಾಕಪ್, ಬಳಕೆದಾರರು. ಒಂದು ಪುಟ ಕಾಣುತ್ತಿದ್ದರೆ ಉಳಿದ ನಾಲ್ಕು ಕಾಣುವುದಿಲ್ಲ. ಟ್ಯಾಬಿನ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಕಾಣದ ಆ ನಾಲ್ಕು ಪುಟಗಳನ್ನು ನೋಡಿಕೊಳ್ಳಬೇಕಾದವರು ಕೋಡ್ ಬರೆದವರು.

## ಈಗಷ್ಟೇ ಶುರು ಮಾಡಿದವರಿಗೆ

ಟ್ಯಾಬ್ ಡೈಲಾಗ್ ಅಂದ್ರೆ ಬ್ರೌಸರ್ ಟ್ಯಾಬ್ ಥರಾನೇ ಅಲ್ವಾ?

ನೋಡಲು ಹಾಗೇ ಇರುತ್ತದೆ, ಕೆಲಸ ಬೇರೆ. ಬ್ರೌಸರಿನಲ್ಲಿ ಒಂದೊಂದು ಟ್ಯಾಬೂ ಬೇರೆ ಬೇರೆ ಪುಟ. ಒಂದನ್ನು ಮುಚ್ಚಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಡೈಲಾಗಿನಲ್ಲಿ ಎಲ್ಲ ಟ್ಯಾಬೂ ಸೇರಿ ಒಂದೇ ಅರ್ಜಿ ಇದ್ದ ಹಾಗೆ. ಓಕೆ ಒತ್ತಿದರೆ ಐದೂ ಒಟ್ಟಿಗೆ ಸೇವ್ ಆಗಬೇಕು, ಕ್ಯಾನ್ಸಲ್ ಒತ್ತಿದರೆ ಐದೂ ಒಟ್ಟಿಗೆ ಹಳೆಯದಕ್ಕೆ ಮರಳಬೇಕು. ವಿಂಡೋಸ್ 95 ಬಂದಾಗ ಪ್ರಾಪರ್ಟೀಸ್ ಡೈಲಾಗುಗಳ ಮೂಲಕ ಈ ರೂಢಿ ಎಲ್ಲರಿಗೂ ಪರಿಚಯವಾಯಿತು. ಇವತ್ತಿಗೂ ಜನ ಅದನ್ನೇ ನಿರೀಕ್ಷಿಸುತ್ತಾರೆ.

ನನ್ನ ಫಾರಂನಲ್ಲಿ 30 ಖಾನೆ ಇದೆ. ಟ್ಯಾಬ್ ಹಾಕ್ಲಾ, ಒಂದೇ ಪುಟದಲ್ಲಿ ಇಡ್ಲಾ?

ಖಾನೆ ಎಷ್ಟಿವೆ ಎಂದು ಎಣಿಸಬೇಡಿ. ಯಾವ ಖಾನೆಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ ಎಂದು ನೋಡಿ. ಕಮಿಷನ್ ಶೇಕಡಾ ಬರೆಯುವಾಗ ಪ್ರಿಂಟರಿನ ಹೆಸರು ಕಾಣಬೇಕಾಗಿಲ್ಲ. ಹಾಗಾಗಿ ಅವು ಬೇರೆ ಬೇರೆ ಟ್ಯಾಬಿನಲ್ಲಿ ಇರಬಹುದು. ರೈತರ ಚೀಟಿ ಹಾಕುವ ಪರದೆ ಹಾಗಲ್ಲ. ಅಲ್ಲಿ ಕ್ರೇಟಿನ ಲೆಕ್ಕ, ಹರಾಜಿನ ರೇಟು, ಹಮಾಲಿ, ಮುಂಗಡ ಎಲ್ಲ ಒಂದೇ ನೋಟಕ್ಕೆ ಸಿಗಬೇಕು. ಅದನ್ನು ಟ್ಯಾಬಿಗೆ ಒಡೆದರೆ ಬಿಲ್ ಹಾಕುವವರು ಪ್ರತಿ ಚೀಟಿಗೂ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ಜೂನ್, ಜುಲೈ ಸೀಸನ್ನಿನಲ್ಲಿ ಲಾರಿ ಸಾಲುಗಟ್ಟಿ ನಿಂತಿರುವಾಗ ಅವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ಇನ್ನೊಂದು ಮಾತು. ಮೊದಲು ಇದು, ಆಮೇಲೆ ಅದು ಎಂದು ಕ್ರಮವಾಗಿ ತುಂಬಿಸಬೇಕಾದ ಕೆಲಸಕ್ಕೆ ಟ್ಯಾಬ್ ಬೇಡ. ಟ್ಯಾಬ್ ಕಂಡರೆ ಜನ ತಮಗೆ ಬೇಕಾದ್ದನ್ನು ಮೊದಲು ಒತ್ತುತ್ತಾರೆ. ಕ್ರಮ ಮುಖ್ಯವಾದರೆ 'ಮುಂದೆ', 'ಹಿಂದೆ' ಬಟನ್ ಇರುವ ವಿಝಾರ್ಡ್ ಮಾಡಿ.

ಯಾವ ಟೂಲ್‌ಕಿಟ್ ತಗೊಂಡ್ರೆ ಒಳ್ಳೇದು? ಡಿಪ್ಲೊಮಾ ಪ್ರಾಜೆಕ್ಟಿಗೆ ಸಾರ್.

ಬಟನ್, ಖಾನೆ, ಟ್ಯಾಬ್ ಇವನ್ನೆಲ್ಲ ಸಿದ್ಧವಾಗಿ ಕೊಡುವ ಲೈಬ್ರರಿಯೇ ಟೂಲ್‌ಕಿಟ್. ನಿಮಗೆ ಬರುವ ಭಾಷೆಯಲ್ಲಿ ಸಿಗುವುದನ್ನು ತೆಗೆದುಕೊಳ್ಳಿ. ಪೈಥಾನ್ ಬಂದರೆ ಟಿಕಿಂಟರ್ ಜೊತೆಗೇ ಬರುವ ನೋಟ್‌ಬುಕ್ ಸಾಕು. ಜಾವಾ ಆದರೆ ಸ್ವಿಂಗ್‌ನ ಜೆಟ್ಯಾಬ್ಡ್‌ಪೇನ್. ಸಿ ಶಾರ್ಪ್ ಆದರೆ ವಿನ್‌ಫಾರ್ಮ್ಸ್ ಅಥವಾ ಡಬ್ಲ್ಯುಪಿಎಫ್, ಎರಡರಲ್ಲೂ ಟ್ಯಾಬ್‌ಕಂಟ್ರೋಲ್ ಇದೆ. ಸಿ ಪ್ಲಸ್ ಪ್ಲಸ್ ಆದರೆ ಕ್ಯೂಟ್‌ನ ಟ್ಯಾಬ್‌ವಿಡ್ಜೆಟ್. ಅದನ್ನು ಪೈಥಾನ್‌ನಿಂದಲೂ ಬಳಸಬಹುದು.

ನನ್ನನ್ನೇ ಆರಿಸು ಎಂದರೆ ಕ್ಯೂಟ್ ಎನ್ನುತ್ತೇನೆ. ಅದೇ ಕೋಡ್ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುತ್ತದೆ. ಓಕೆ, ಕ್ಯಾನ್ಸಲ್ ಯಾವ ಕಡೆ ಇರಬೇಕು ಎನ್ನುವುದನ್ನು ಆಯಾ ಸಿಸ್ಟಂನ ರೂಢಿಗೆ ತಕ್ಕಂತೆ ಅದರ ಬಟನ್‌ಬಾಕ್ಸೇ ಜೋಡಿಸುತ್ತದೆ.

ಎಷ್ಟು ಟ್ಯಾಬ್ ಆದ್ರೆ ಜಾಸ್ತಿ ಅನ್ಸುತ್ತೆ?

ಎರಡನೇ ಸಾಲಿಗೆ ಹೋಯಿತು ಎಂದರೆ ಜಾಸ್ತಿ ಆಯಿತು. ಎರಡು ಸಾಲು ಟ್ಯಾಬ್ ಇದ್ದಾಗ ಹಿಂದಿನ ಸಾಲಿನದನ್ನು ಒತ್ತಿದರೆ ಸಾಲುಗಳೇ ಅದಲು ಬದಲಾಗುತ್ತವೆ. ಆಗತಾನೇ ಅಲ್ಲಿದ್ದ ಟ್ಯಾಬ್ ಈಗ ಇಲ್ಲಿರುತ್ತದೆ. ಕಣ್ಣಿಗೆ, ಕೈಗೆ ಎರಡಕ್ಕೂ ಗೊಂದಲ. ಬದಿಯಲ್ಲಿ ಪುಟ್ಟ ಬಾಣ ಇಟ್ಟು ಸರಿಸುವಂತೆ ಮಾಡಿದರೆ ಕೊನೆಯ ಟ್ಯಾಬುಗಳು ಇವೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ.

ಆರೇಳಕ್ಕಿಂತ ಹೆಚ್ಚಾದರೆ ಎಡಗಡೆ ಹೆಸರುಗಳ ಪಟ್ಟಿ, ಬಲಗಡೆ ಪುಟ ಇರುವ ವಿನ್ಯಾಸಕ್ಕೆ ಹೋಗಿ. ಕನ್ನಡದ ಹೆಸರುಗಳು ಸ್ವಲ್ಪ ಉದ್ದವಾಗುವುದರಿಂದ ಈ ಜೋಡಣೆ ನಮಗೆ ಇನ್ನೂ ಅನುಕೂಲ. ಪಟ್ಟಿ ಕೆಳಕ್ಕೆ ಬೆಳೆಯುತ್ತದೆ, ಅಗಲದ ತಂಟೆ ಇಲ್ಲ. ಒಂದೇ ಟ್ಯಾಬ್ ಉಳಿದರೆ ಟ್ಯಾಬನ್ನೇ ತೆಗೆದುಬಿಡಿ.

'ಇತರೆ' ಅಂತ ಒಂದು ಟ್ಯಾಬ್ ಇಟ್ರೆ ತಪ್ಪಾ?

ತಪ್ಪು. ಅಲ್ಲಿಟ್ಟ ಸೆಟ್ಟಿಂಗನ್ನು ಹುಡುಕಲು ಬಂದವರು ಉಳಿದ ಐದೂ ಟ್ಯಾಬ್ ತೆರೆದು ನೋಡಿ ಕೊನೆಗೆ ಅಲ್ಲಿಗೆ ಬರುತ್ತಾರೆ. 'ಸಾಮಾನ್ಯ', 'ಸುಧಾರಿತ' ಇವೂ ಅದೇ ಜಾತಿ. ಮಂಡಿಯಲ್ಲಿ ಆಡುವ ಮಾತನ್ನೇ ಹೆಸರಾಗಿ ಇಡಿ. 'ಶುಲ್ಕ ನಿರ್ವಹಣೆ' ಬೇಡ, 'ಕಮಿಷನ್' ಸಾಕು. ಯಾವ ಟ್ಯಾಬಿಗೂ ಸೇರದ ಎರಡು ಖಾನೆ ಉಳಿದಿದ್ದರೆ, ಅವು ಸೆಟ್ಟಿಂಗ್ಸಿನಲ್ಲಿ ಇರಲೇಬೇಕಾ ಎಂದು ಮೊದಲು ಕೇಳಿಕೊಳ್ಳಿ. ಎಷ್ಟೋ ಸಲ ಬೇಕಾಗಿರುವುದಿಲ್ಲ.

## ಕಟ್ಟುವಾಗ ಬರುವ ಪ್ರಶ್ನೆಗಳು

ಓಕೆ, ಕ್ಯಾನ್ಸಲ್ ಪ್ರತಿ ಟ್ಯಾಬಲ್ಲೂ ಇಡ್ಬೇಕಾ?

ಬೇಡ. ಟ್ಯಾಬಿನ ಹೊರಗೆ, ಡೈಲಾಗಿನ ಕೆಳಗೆ ಒಂದೇ ಸಲ ಇಡಿ. ಬಟನ್ ಟ್ಯಾಬಿನ ಒಳಗೆ ಇದ್ದರೆ 'ಇದು ಈ ಪುಟಕ್ಕೆ ಮಾತ್ರ' ಎಂದು ನೋಡುವವರು ಅಂದುಕೊಳ್ಳುತ್ತಾರೆ. ಆ ಪುಟಕ್ಕೆ ಮಾತ್ರ ಸಂಬಂಧಿಸಿದ ಬಟನ್, ಅಂದರೆ ಪ್ರಿಂಟರ್ ಟ್ಯಾಬಿನ 'ಮಾದರಿ ಚೀಟಿ ಪ್ರಿಂಟ್ ಮಾಡಿ' ಥರದ್ದು, ಒಳಗೇ ಇರಲಿ.

ಅಪ್ಲೈ ಬಟನ್ ಬೇಕೇ ಬೇಕಾ?

ಬದಲಾವಣೆಯ ಪರಿಣಾಮವನ್ನು ಡೈಲಾಗ್ ಮುಚ್ಚದೆ ನೋಡುವ ಅಗತ್ಯ ಇದ್ದರೆ ಮಾತ್ರ. ಅಕ್ಷರದ ಗಾತ್ರ, ಬಣ್ಣ ಇಂಥವಕ್ಕೆ ಉಪಯೋಗ. ಕಮಿಷನ್ ಶೇಕಡಾಗೆ ಏನೂ ಉಪಯೋಗವಿಲ್ಲ. ಇಡುವುದಾದರೆ ಏನೂ ಬದಲಾಗಿಲ್ಲದಾಗ ಅದು ಮಸುಕಾಗಿರಬೇಕು, ಬದಲಾದ ಕೂಡಲೇ ಜೀವ ಬರಬೇಕು, ಒತ್ತಿದ ಮೇಲೆ ಮತ್ತೆ ಮಸುಕಾಗಬೇಕು. ಅಪ್ಲೈ ಒತ್ತಿದ ಮೇಲೆ ಕ್ಯಾನ್ಸಲ್ ಒತ್ತಿದರೆ ಅಪ್ಲೈ ಆದದ್ದು ಹಾಗೇ ಉಳಿಯುತ್ತದೆ. ನಂತರ ಮಾಡಿದ್ದು ಮಾತ್ರ ಹೋಗುತ್ತದೆ. ಮಂಡಿ ಸಾಫ್ಟ್‌ವೇರಿಗೆ ನಾನು ಅಪ್ಲೈ ಇಡುವುದೇ ಇಲ್ಲ.

ಕ್ಯಾನ್ಸಲ್ ಒತ್ತಿದ್ರೂ ಬದಲಾವಣೆ ಹಾಗೇ ಉಳ್ಕೊಳ್ಳುತ್ತೆ. ಯಾಕೆ?

ನಿಮ್ಮ ಖಾನೆಗಳು ನೇರವಾಗಿ ಅಸಲಿ ಸೆಟ್ಟಿಂಗ್ಸ್ ವಸ್ತುವಿಗೇ ಬರೆಯುತ್ತಿವೆ. ಟೈಪ್ ಮಾಡಿದ ಕ್ಷಣವೇ ಅಸಲಿ ಬದಲಾಗಿರುತ್ತದೆ. ಕ್ಯಾನ್ಸಲ್ ಬರುವ ಹೊತ್ತಿಗೆ ಹಳೆಯದು ಎಲ್ಲೂ ಉಳಿದಿರುವುದಿಲ್ಲ.

ಪರಿಹಾರ ಸುಲಭ. ಡೈಲಾಗ್ ತೆರೆಯುವಾಗ ಸೆಟ್ಟಿಂಗ್ಸಿನ ಒಂದು ನಕಲು ಮಾಡಿ. ಐದೂ ಟ್ಯಾಬ್ ಆ ನಕಲಿನ ಮೇಲೆ ಕೆಲಸ ಮಾಡಲಿ. ಓಕೆ ಒತ್ತಿದಾಗ ನಕಲನ್ನು ಪರೀಕ್ಷಿಸಿ, ಸರಿ ಇದ್ದರೆ ಅಸಲಿಯ ಜಾಗಕ್ಕೆ ತನ್ನಿ. ಕ್ಯಾನ್ಸಲ್ ಆದರೆ ನಕಲನ್ನು ಬಿಟ್ಟುಬಿಡಿ. ಒಂದು ಎಚ್ಚರ: ಸೆಟ್ಟಿಂಗ್ಸಿನ ಒಳಗೆ ಪಟ್ಟಿ ಇದ್ದರೆ, ಉದಾಹರಣೆಗೆ ಬಳಕೆದಾರರ ಪಟ್ಟಿ, ಮೇಲುಮೇಲಿನ ನಕಲು ಸಾಲದು. ಪಟ್ಟಿಯೂ ಅದರೊಳಗಿನ ವಸ್ತುಗಳೂ ಬೇರೆಯಾಗಿ ನಕಲಾಗಬೇಕು. ಪೈಥಾನ್‌ನಲ್ಲಿ ಇದಕ್ಕೆ ಡೀಪ್‌ಕಾಪಿ ಇದೆ. ಉಳಿದ ನಾಲ್ಕೂ ಟ್ಯಾಬ್ ಸರಿಯಾಗಿದ್ದು ಬಳಕೆದಾರರ ಟ್ಯಾಬಿನಲ್ಲಿ ಮಾತ್ರ ಕ್ಯಾನ್ಸಲ್ ಕೆಲಸ ಮಾಡದಿದ್ದರೆ ಮೊದಲು ಇಲ್ಲಿ ನೋಡಿ.

ಓಕೆ ಒತ್ತಿದ್ರೆ ಏನೂ ಆಗಲ್ಲ, ಸಾಫ್ಟ್‌ವೇರ್ ಹ್ಯಾಂಗ್ ಆಗಿದೆ ಅಂತ ಕಸ್ಟಮರ್ ಫೋನ್ ಮಾಡ್ತಾರೆ. ಆದ್ರೆ ನನ್ನ ಕಂಪ್ಯೂಟರಲ್ಲಿ ಸರಿ ಇದೆ!

ಟ್ಯಾಬ್ ಡೈಲಾಗಿನ ಅತಿ ದೊಡ್ಡ ತೊಂದರೆ ಇದು. ಬಿಡಿಸಿ ನೋಡೋಣ.

ಮಂಡಿ ಮಾಲೀಕರು ಕಮಿಷನ್ ಟ್ಯಾಬಿಗೆ ಹೋಗಿ 'ಹಮಾಲಿ, ಕ್ರೇಟಿಗೆ' ಎನ್ನುವ ಖಾನೆಯಲ್ಲಿದ್ದ ಹಳೇ ಅಂಕಿ ಅಳಿಸಿದರು. ಅಷ್ಟರಲ್ಲಿ ಯಾರೋ ಕರೆದರು. ವಾಪಸ್ ಬಂದು ಪ್ರಿಂಟರ್ ಟ್ಯಾಬ್ ತೆರೆದು ಪ್ರಿಂಟರ್ ಬದಲಿಸಿ ಓಕೆ ಒತ್ತಿದರು. ನಿಮ್ಮ ಕೋಡ್ ಹಮಾಲಿ ಖಾಲಿ ಇರುವುದನ್ನು ಸರಿಯಾಗಿಯೇ ಹಿಡಿಯಿತು. ಆ ಖಾನೆಗೆ ಕೆಂಪು ಬಣ್ಣವನ್ನೂ ಹಚ್ಚಿತು. ಆದರೆ ಆ ಖಾನೆ ಇರುವುದು ಕಾಣದ ಪುಟದಲ್ಲಿ. ಮಾಲೀಕರ ಕಣ್ಣ ಮುಂದೆ ಪ್ರಿಂಟರ್ ಟ್ಯಾಬ್ ಇದ್ದ ಹಾಗೇ ಇದೆ. ಅವರು ಮತ್ತೆ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. ಅವರು ಹೇಳಿದ್ದರಲ್ಲಿ ಏನೂ ತಪ್ಪಿಲ್ಲ.

ಮಾಡಬೇಕಾದ್ದು ಇಷ್ಟು. ಓಕೆ ಒತ್ತಿದಾಗ ಎಲ್ಲ ಟ್ಯಾಬಿನ ಮಾಹಿತಿಯನ್ನೂ ಪರೀಕ್ಷಿಸಿ. ಮೊದಲ ತಪ್ಪು ಇರುವ ಟ್ಯಾಬನ್ನು ನೀವೇ ತೆರೆಯಿರಿ. ಆಮೇಲೆ ಕರ್ಸರನ್ನು ಆ ಖಾನೆಗೆ ಕಳಿಸಿ. ಈ ಎರಡರ ಕ್ರಮ ತಪ್ಪಬಾರದು, ಏಕೆಂದರೆ ಕಾಣದ ಖಾನೆಗೆ ಫೋಕಸ್ ಕೊಟ್ಟರೆ ವಿನ್‌ಫಾರ್ಮ್ಸ್ ಸುಮ್ನೆ ಇದ್ದುಬಿಡುತ್ತದೆ. ಖಾನೆಯ ಪಕ್ಕದಲ್ಲೇ ಏನು ಬೇಕೆಂದು ಬರೆಯಿರಿ. 'ಅಮಾನ್ಯ ಮೌಲ್ಯ' ಎಂದರೆ ಯಾರಿಗೂ ತಿಳಿಯುವುದಿಲ್ಲ. 'ಒಂದು ಕ್ರೇಟಿಗೆ ಹಮಾಲಿ ಎಷ್ಟು ರೂಪಾಯಿ? ಬರೆಯಿರಿ' ಎಂದರೆ ತಿಳಿಯುತ್ತದೆ. ಬೇರೆ ಟ್ಯಾಬಿನಲ್ಲೂ ತಪ್ಪಿದ್ದರೆ ಆ ಟ್ಯಾಬಿನ ಹೆಸರಿನ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಬರಲಿ. ಬಣ್ಣವನ್ನು ಮಾತ್ರ ನಂಬಬೇಡಿ. ಹಳೇ ಮಾನಿಟರಿನಲ್ಲಿ ಕೆಂಪು ಸರಿಯಾಗಿ ಕಾಣದೇ ಇರಬಹುದು. ಕೆಲವರ ಕಣ್ಣಿಗೆ ಕೆಂಪು, ಹಸಿರು ಬೇರೆಯಾಗಿ ತೋರುವುದೂ ಇಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಸರಿ ಇರುವುದಕ್ಕೆ ಕಾರಣ, ನೀವು ಪರೀಕ್ಷೆ ಮಾಡುವಾಗ ತಪ್ಪು ಮಾಡಿದ ಟ್ಯಾಬಿನಲ್ಲೇ ನಿಂತು ಓಕೆ ಒತ್ತುತ್ತೀರಿ.

ತಪ್ಪಿದ್ರೆ ಟ್ಯಾಬ್ ಬದಲಿಸೋಕೇ ಬಿಡದ ಹಾಗೆ ಮಾಡಿದ್ರೆ ಆಗಲ್ವಾ?

ಮಾಡಬಹುದು. ವಿನ್‌ಫಾರ್ಮ್ಸ್‌ನ ಸೆಲೆಕ್ಟಿಂಗ್ ಈವೆಂಟಿನಲ್ಲಿ (ಟ್ಯಾಬ್ ಬದಲಾಗುವ ಮೊದಲು ಬರುವ ಸೂಚನೆಯಲ್ಲಿ) ರದ್ದು ಮಾಡುವ ಸೌಲಭ್ಯವೇ ಇದೆ. ಆದರೂ ಬೇಡ ಎನ್ನುತ್ತೇನೆ. ಹಮಾಲಿ ಎಷ್ಟು ಎಂದು ಬರೆಯುವ ಮೊದಲು ಅಂಗಡಿ ಟ್ಯಾಬಿನಲ್ಲಿ ಏನಿದೆ ಎಂದು ಒಮ್ಮೆ ನೋಡಿ ಬರಬೇಕು ಅನ್ನಿಸಬಹುದು. ಅವರನ್ನು ಅಲ್ಲೇ ಕಟ್ಟಿಹಾಕಿದರೆ ಸುಮ್ನೆ ಏನೋ ಒಂದು ಅಂಕಿ ತುಂಬಿಸಿ ಮುಂದೆ ಹೋಗುತ್ತಾರೆ. ಆಮೇಲೆ ಆ ಸುಳ್ಳು ಅಂಕಿಯೇ ರೈತರ ಚೀಟಿಗೆ ಬರುತ್ತದೆ. ಓಡಾಡಲು ಬಿಡಿ, ಓಕೆ ಹತ್ತಿರ ಹಿಡಿಯಿರಿ.

ಒಂದು ಟ್ಯಾಬಲ್ಲಿ ಬದಲಿಸಿದ್ದು ಇನ್ನೊಂದು ಟ್ಯಾಬಿಗೆ ಹೇಗೆ ಗೊತ್ತಾಗ್ಬೇಕು?

ಟ್ಯಾಬುಗಳು ಒಂದನ್ನೊಂದು ನೇರವಾಗಿ ಮಾತಾಡಿಸಬಾರದು. ಪ್ರತಿ ಟ್ಯಾಬನ್ನೂ ಬೇರೆ ಕ್ಲಾಸಾಗಿ, ಬೇರೆ ಫೈಲಿನಲ್ಲಿ ಬರೆಯಿರಿ. ಎಲ್ಲಕ್ಕೂ ಅದೇ ನಕಲು ಸೆಟ್ಟಿಂಗ್ಸನ್ನು ಕೊಡಿ. ಕ್ರೇಟಿನ ತೂಕ 15 ಕೆಜಿಯಿಂದ ಬದಲಾದರೆ ನಕಲು 'ಬದಲಾಯಿತು' ಎಂದು ಸಾರಲಿ. ಅದು ಬೇಕಾದ ಟ್ಯಾಬ್ ಕೇಳಿಸಿಕೊಳ್ಳಲಿ. ಕ್ಯೂಟ್‌ನಲ್ಲಿ ಸಿಗ್ನಲ್, ಸಿ ಶಾರ್ಪ್‌ನಲ್ಲಿ ಈವೆಂಟ್, ಜಾವಾದಲ್ಲಿ ಲಿಸನರ್. ಇಷ್ಟು ಮಾಡಿದರೆ ನಾಳೆ ಒಂದು ಟ್ಯಾಬ್ ತೆಗೆದರೂ ಉಳಿದವು ಮುರಿಯುವುದಿಲ್ಲ.

ಆದರೂ ಒಂದು ಟ್ಯಾಬಿನ ಬದಲಾವಣೆ ಇನ್ನೊಂದರಲ್ಲಿ ಪದೇ ಪದೇ ಪರಿಣಾಮ ಮಾಡುತ್ತಿದ್ದರೆ ಆ ಖಾನೆಗಳು ಒಂದೇ ಪುಟದಲ್ಲಿ ಇರಬೇಕಾದವು. ಕೋಡ್ ಬದಲಿಸುವ ಬದಲು ಖಾನೆಯ ಜಾಗ ಬದಲಿಸಿ.

ಓಕೆ ಒತ್ತಿದ ಕ್ಷಣಕ್ಕೇ ಕರೆಂಟ್ ಹೋದ್ರೆ?

ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ. ಹಳೇ ಫೈಲಿನ ಮೇಲೇ ಹೊಸದನ್ನು ಬರೆಯುವಾಗ ಕರೆಂಟ್ ಹೋದರೆ ಹಳೆಯದೂ ಪೂರ್ತಿ ಇರುವುದಿಲ್ಲ, ಹೊಸದೂ ಪೂರ್ತಿ ಇರುವುದಿಲ್ಲ. ಬೆಳಗ್ಗೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಅದಕ್ಕೆ ಮೊದಲು ಪಕ್ಕದಲ್ಲಿ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಡಿಸ್ಕಿಗೆ ಇಳಿಸಿ, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತನ್ನಿ. ಪೈಥಾನ್‌ನ ಓಎಸ್ ಮಾಡ್ಯೂಲಿನಲ್ಲಿ ರಿಪ್ಲೇಸ್ ಇದೆ. ಕ್ಯೂಟ್‌ನಲ್ಲಿ ಸೇವ್‌ಫೈಲ್ ಎಂಬ ಕ್ಲಾಸೇ ಇದೆ. ಎಲ್ಲ ಟ್ಯಾಬಿನದೂ ಒಂದೇ ಫೈಲಿಗೆ, ಒಂದೇ ಸಲ. ಟ್ಯಾಬಿಗೊಂದು ಫೈಲ್ ಮಾಡಿದರೆ ಕಮಿಷನ್ ಹೊಸದು, ಪ್ರಿಂಟರ್ ಹಳೆಯದು ಆಗಿ ಕೂರುತ್ತದೆ.

## ಕನ್ನಡ, ಕೀಬೋರ್ಡ್, ಪರದೆ

ಟ್ಯಾಬಿಗೆ ಕನ್ನಡ ಹೆಸರು ಹಾಕಿದ್ರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತೆ.

ಟ್ಯಾಬಿನ ಎತ್ತರವನ್ನು ಇಷ್ಟೇ ಪಿಕ್ಸೆಲ್ ಎಂದು ನೀವೇ ಕಟ್ಟಿಹಾಕಿದ್ದೀರಿ. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಎತ್ತರ ಕನ್ನಡಕ್ಕೆ ಸಾಲದು. ನಮ್ಮ ಒತ್ತು ಕೆಳಕ್ಕೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲಕ್ಕೆ ಏರುತ್ತದೆ. 'ಕ್ರೇಟ್', 'ಲೆಕ್ಕ', 'ಪ್ರಿಂಟರ್' ಮೂರರಲ್ಲೂ ಒತ್ತು ಇದೆ, ಪರೀಕ್ಷೆಗೆ ಅವನ್ನೇ ಬಳಸಿ. ಎತ್ತರವನ್ನು ಫಾಂಟೇ ನಿರ್ಧರಿಸಲಿ. ಅಗಲಕ್ಕೂ ಅದೇ ಮಾತು.

ಫಾಂಟನ್ನು ಸ್ಪಷ್ಟವಾಗಿ ಹೇಳಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇರುತ್ತದೆ. ಅದಕ್ಕೂ ಹಿಂದಿನ ಮಷೀನಿನಲ್ಲಿ ತುಂಗಾ. ಲಿನಕ್ಸಿಗೆ ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ. ಹೆಸರುಗಳು ಯೂನಿಕೋಡಿನಲ್ಲೇ ಇರಲಿ. ಹಳೇ ಫಾಂಟ್ ಎನ್‌ಕೋಡಿಂಗ್‌ನಲ್ಲಿ ಬರೆದರೆ ಆ ಫಾಂಟ್ ಇಲ್ಲದ ಮಷೀನಿನಲ್ಲಿ ಟ್ಯಾಬಿನ ತುಂಬ ಅರ್ಥವಿಲ್ಲದ ಗುರುತುಗಳು ಬರುತ್ತವೆ.

ಕನ್ನಡ ಅಂಕಿ ಟೈಪ್ ಮಾಡಿದ್ರೆ 'ತಪ್ಪು' ಅನ್ನುತ್ತೆ. ೧೫ ಅನ್ನೋದು ಸಂಖ್ಯೆ ಅಲ್ವಾ?

ಖಂಡಿತ ಸಂಖ್ಯೆಯೇ. ಅದು ಒಪ್ಪಿಗೆಯಾಗುವುದು ನೀವು ಬಳಸುವ ಭಾಷೆಯ ಮೇಲಿದೆ. ಪೈಥಾನ್‌ನ ಇಂಟ್, ಜಾವಾದ ಪಾರ್ಸ್‌ಇಂಟ್ ಎರಡೂ ಕನ್ನಡ ಅಂಕಿಯನ್ನು ಹಾಗೇ ಓದುತ್ತವೆ. ಸಿ ಶಾರ್ಪ್‌ನದು ಓದುವುದಿಲ್ಲ. ಅಲ್ಲಿ ಓದುವ ಮೊದಲು ಹತ್ತು ಅಂಕಿಗಳನ್ನೂ ಬದಲಿಸಿಕೊಳ್ಳಿ, ನಾಲ್ಕು ಸಾಲಿನ ಕೆಲಸ. ಕನ್ನಡ ಕೀಬೋರ್ಡಿನಲ್ಲೇ ಇರುವವರಿಗೆ ಒಂದು ಅಂಕಿಗಾಗಿ ಭಾಷೆ ಬದಲಿಸು ಎನ್ನುವುದು ನ್ಯಾಯವಲ್ಲ.

ಮೌಸ್ ಮುಟ್ಟದೆ ಟ್ಯಾಬ್ ಬದಲಿಸ್ಬೇಕು ಅಂತಾರೆ ನಮ್ಮ ಕಸ್ಟಮರ್.

ಸರಿಯಾಗೇ ಕೇಳಿದ್ದಾರೆ. ಇಡೀ ದಿನ ಬಿಲ್ ಹಾಕುವವರ ಕೈ ಕೀಬೋರ್ಡ್ ಬಿಡುವುದಿಲ್ಲ. ಕಂಟ್ರೋಲ್ ಜೊತೆ ಟ್ಯಾಬ್ ಕೀ ಒತ್ತಿದರೆ ಮುಂದಿನ ಪುಟ, ಶಿಫ್ಟ್ ಸೇರಿಸಿದರೆ ಹಿಂದಿನದು. ವಿನ್‌ಫಾರ್ಮ್ಸ್, ಕ್ಯೂಟ್ ಎರಡರಲ್ಲೂ ಇದು ತಾನಾಗೇ ಇದೆ. ಟಿಕಿಂಟರ್‌ನಲ್ಲಿ ಎನೇಬಲ್ ಟ್ರಾವರ್ಸಲ್ ಎಂಬುದನ್ನು ಒಮ್ಮೆ ಕರೆಯಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ.

ಆಲ್ಟ್ ಜೊತೆ ಒಂದು ಅಕ್ಷರ ಒತ್ತಿ ನೇರ ಟ್ಯಾಬಿಗೆ ಹೋಗುವಂತೆ ಮಾಡುವುದಾದರೆ ಕನ್ನಡ ಅಕ್ಷರ ಇಡಬೇಡಿ. ಕೀಬೋರ್ಡ್ ಆ ಹೊತ್ತಿಗೆ ಇಂಗ್ಲಿಷಿನಲ್ಲಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. ಒತ್ತಕ್ಷರದ ಮಧ್ಯೆ ಅಡಿಗೆರೆ ಬಿದ್ದರೆ ಅಕ್ಷರ ಒಡೆದು ಕಾಣುವ ಅಪಾಯವೂ ಇದೆ. ಜಪಾನಿ ಭಾಷೆಯ ವಿಂಡೋಸಿನಲ್ಲಿ ಮಾಡುವ ಹಾಗೆ ಹೆಸರಿನ ಕೊನೆಗೆ ಆವರಣದಲ್ಲಿ ಒಂದು ಇಂಗ್ಲಿಷ್ ಅಕ್ಷರ ಹಾಕಿ, ಅಡಿಗೆರೆ ಅದಕ್ಕಿರಲಿ. ವಿನ್‌ಫಾರ್ಮ್ಸ್‌ನ ಟ್ಯಾಬ್ ಹೆಸರಿಗೆ ಈ ಸೌಲಭ್ಯ ಇಲ್ಲ, ಅಲ್ಲಿ ಕೀಯನ್ನು ನೀವೇ ಹಿಡಿಯಬೇಕು.

ಟ್ಯಾಬ್ ಕೀ ಒತ್ತಿದಾಗ ಕರ್ಸರ್ ಮೇಲಿನಿಂದ ಕೆಳಕ್ಕೆ ಓದುವ ಕ್ರಮದಲ್ಲೇ ಹೋಗಲಿ. ಆಮೇಲೆ ಸೇರಿಸಿದ ಖಾನೆ ಸಾಮಾನ್ಯವಾಗಿ ಕ್ರಮದ ಕೊನೆಗೆ ಹೋಗಿ ಕೂತಿರುತ್ತದೆ.

ಕಣ್ಣು ಕಾಣದವರೂ ಬಳಸ್ತಾರಾ? ಅದಕ್ಕೆ ಏನಾದ್ರೂ ಮಾಡ್ಬೇಕಾ?

ಬಳಸುತ್ತಾರೆ, ಮಾಡಬೇಕು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಹಾಕಿಕೊಳ್ಳಿ, ಮಾನಿಟರ್ ಆಫ್ ಮಾಡಿ, ನಿಮ್ಮ ಡೈಲಾಗನ್ನು ಕಿವಿಯಿಂದ ಬಳಸಿ ನೋಡಿ. ಅದರ ಜೊತೆ ಬರುವ ಧ್ವನಿಯಲ್ಲಿ ಕನ್ನಡವೂ ಇದೆ. ಟೂಲ್‌ಕಿಟ್ಟಿನದೇ ಟ್ಯಾಬ್ ಬಳಸಿದರೆ ಟ್ಯಾಬಿನ ಹೆಸರು, ಎಷ್ಟರಲ್ಲಿ ಎಷ್ಟನೆಯದು ಎನ್ನುವುದನ್ನೆಲ್ಲ ಅದು ಓದುತ್ತದೆ. ಚಂದ ಕಾಣಲಿ ಎಂದು ನೀವೇ ಬಣ್ಣ ಬಳಿದ ಪ್ಯಾನೆಲ್ಲಿನಲ್ಲಿ ಟ್ಯಾಬ್ ಬರೆದಿದ್ದರೆ ಏನೂ ಕೇಳಿಸುವುದಿಲ್ಲ. ಅಂಥ ಚಂದ ಬೇಡ.

ನನ್ನ ಲ್ಯಾಪ್‌ಟಾಪಲ್ಲಿ ಸರಿ ಇದೆ, ಅಂಗಡಿ ಕಂಪ್ಯೂಟರಲ್ಲಿ ಓಕೆ ಬಟನ್ನೇ ಕಾಣಲ್ಲ.

ಅಂಗಡಿಗಳಲ್ಲಿ ಇನ್ನೂ 1366×768 ಪರದೆಗಳು ಬೇಕಾದಷ್ಟಿವೆ. ಅಕ್ಷರ ದೊಡ್ಡದಾಗಲಿ ಎಂದು ಅವರು 125% ಸ್ಕೇಲಿಂಗ್ ಇಟ್ಟುಕೊಂಡಿರುತ್ತಾರೆ. 768 ಭಾಗಿಸು 1.25 ಅಂದರೆ 614. ಟಾಸ್ಕ್‌ಬಾರ್ ಕಳೆದರೆ ನಿಮಗೆ ಉಳಿಯುವುದು 570ರ ಆಸುಪಾಸು. ಡೈಲಾಗಿನ ಎತ್ತರ 600 ಎಂದು ಕಟ್ಟಿದ್ದರೆ ಓಕೆ ಬಟನ್ ಟಾಸ್ಕ್‌ಬಾರಿನ ಕೆಳಗೆ ಹೋಗಿರುತ್ತದೆ.

ಎತ್ತರವನ್ನು 500ರ ಒಳಗೆ ಇಡಿ. ಖಾನೆಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ನಿಲ್ಲಿಸದೆ, ಅವನ್ನು ತಾನಾಗೇ ಜೋಡಿಸುವ ಲೇಔಟ್ ಮ್ಯಾನೇಜರಿಗೆ ಬಿಡಿ. ಯಾವುದೋ ಒಂದು ಟ್ಯಾಬ್ ಉದ್ದವಾಗಿದ್ದರೆ ಆ ಪುಟದ ಒಳಗೆ ಸ್ಕ್ರಾಲ್ ಕೊಡಿ, ಬಟನ್ನುಗಳು ಮಾತ್ರ ಹೊರಗೆ ನಿಂತಿರಲಿ. ಟ್ಯಾಬ್ ಬದಲಿಸಿದಾಗ ಡೈಲಾಗಿನ ಗಾತ್ರ ಬದಲಾಗಬಾರದು. ಬದಲಾದರೆ ಓಕೆ ಬಟನ್ ಕೈಯಿಂದ ತಪ್ಪಿಸಿಕೊಂಡು ಓಡಾಡುತ್ತದೆ.

## ಇನ್ನಷ್ಟು ಆಳಕ್ಕೆ

ತೆರೆಯದ ಟ್ಯಾಬಿನ ಮಾಹಿತಿ ಖಾಲಿಯಾಗಿ ಸೇವ್ ಆಗ್ತಿದೆ! ಆ ಟ್ಯಾಬ್ ಮುಟ್ಟೇ ಇಲ್ಲ.

ಮುಟ್ಟದೇ ಇದ್ದದ್ದೇ ಕಾರಣ. ಎಷ್ಟೋ ಟೂಲ್‌ಕಿಟ್ಟುಗಳು ಟ್ಯಾಬಿನ ಪುಟವನ್ನು ಮೊದಲ ಸಲ ತೋರಿಸುವಾಗಲೇ ನಿಜವಾಗಿ ಕಟ್ಟುತ್ತವೆ. ವಿನ್‌ಫಾರ್ಮ್ಸ್‌ನಲ್ಲಿ ಪುಟ ಒಮ್ಮೆ ಕಾಣುವವರೆಗೆ ಅದರ ಒಳಗಿನ ಡೇಟಾ ಬೈಂಡಿಂಗ್ (ಖಾನೆಯನ್ನು ಡೇಟಾಗೆ ಜೋಡಿಸುವ ವ್ಯವಸ್ಥೆ) ಶುರುವಾಗುವುದಿಲ್ಲ. ಅಲ್ಲಿಟ್ಟ ಯೂಸರ್‌ಕಂಟ್ರೋಲಿನ (ನೀವೇ ಕಟ್ಟಿದ ಖಾನೆಗಳ ಗುಂಪಿನ) ಲೋಡ್ ಈವೆಂಟೂ ಬರುವುದಿಲ್ಲ. ಲೋಡ್ ಈವೆಂಟಿನಲ್ಲಿ ಖಾನೆ ತುಂಬಿಸುವ ಕೋಡ್ ಇಟ್ಟಿದ್ದರೆ ಬ್ಯಾಕಪ್ ಟ್ಯಾಬಿನ ಖಾನೆಗಳು ಖಾಲಿಯೇ ಇರುತ್ತವೆ. ಓಕೆ ಒತ್ತಿದಾಗ ನಿಮ್ಮ ಕೋಡ್ ಆ ಖಾಲಿಯನ್ನೇ ಓದಿ ಬರೆಯುತ್ತದೆ. ಬ್ಯಾಕಪ್ ಯಾವ ಜಾಗಕ್ಕೆ ಹೋಗಬೇಕು ಎನ್ನುವ ವಿವರ ಅಳಿಸಿಹೋಗಿ, ಹಾರ್ಡ್‌ಡಿಸ್ಕ್ ಕೈಕೊಡುವ ದಿನದವರೆಗೆ ಯಾರಿಗೂ ಗೊತ್ತಾಗದೆ ಉಳಿಯಬಹುದು. ಹಾಗಾಗಿ ಇದನ್ನು ಸಣ್ಣ ತೊಂದರೆ ಎಂದು ತಳ್ಳಬೇಡಿ.

ಎರಡು ದಾರಿ ಇವೆ. ಎಲ್ಲ ಟ್ಯಾಬನ್ನೂ ಡೈಲಾಗ್ ತೆರೆಯುವಾಗಲೇ ತುಂಬಿಸಿ. ಇಲ್ಲವೇ ಸೇವ್ ಮಾಡುವಾಗ ಖಾನೆಗಳನ್ನು ಓದಲೇಬೇಡಿ. ಖಾನೆ ಬದಲಾದಾಗ ನಕಲು ಸೆಟ್ಟಿಂಗ್ಸನ್ನು ಬದಲಿಸಿ, ಸೇವ್ ಮಾಡುವಾಗ ನಕಲನ್ನು ಮಾತ್ರ ಬರೆಯಿರಿ. ಎರಡನೆಯದೇ ಗಟ್ಟಿ. ತೆರೆಯದ ಟ್ಯಾಬಿನ ಮಾಹಿತಿ ನಕಲಿನಲ್ಲಿ ಹಳೆಯದೇ ಆಗಿ ಕ್ಷೇಮವಾಗಿರುತ್ತದೆ.

ಕಾಲೇಜಲ್ಲಿ ಹಳೇ ಎಂಎಫ್‌ಸಿ ಪ್ರೋಗ್ರಾಂ ಕೊಟ್ಟಿದಾರೆ. ಅಲ್ಲೂ ಇದೇ ಕಥೆನಾ?

ಅದೇ. ಎಂಎಫ್‌ಸಿ ಎಂದರೆ ಸಿ ಪ್ಲಸ್ ಪ್ಲಸ್‌ಗೆ ಮೈಕ್ರೋಸಾಫ್ಟಿನ ಹಳೇ ಟೂಲ್‌ಕಿಟ್. ಅದರ ಟ್ಯಾಬ್ ಡೈಲಾಗಾದ ಪ್ರಾಪರ್ಟಿ ಶೀಟಿನಲ್ಲಿ ಒಮ್ಮೆಯೂ ತೆರೆಯದ ಪುಟಕ್ಕೆ ವಿಂಡೋವೇ ಹುಟ್ಟಿರುವುದಿಲ್ಲ. ಅದರ ಮೇಲೆ ಅಪ್‌ಡೇಟ್‌ಡೇಟಾ ಕರೆದರೆ ಡೀಬಗ್ ಮಾಡುವಾಗ ಅಸರ್ಟ್ (ಕೋಡಿನಲ್ಲಿ ತಪ್ಪಿದೆ ಎನ್ನುವ ಸೂಚನೆ) ಬೀಳುತ್ತದೆ. ಆನ್‌ಅಪ್ಲೈ ಕೂಡ ತೆರೆದ ಪುಟಗಳಿಗೆ ಮಾತ್ರ ಬರುತ್ತದೆ. ಮೊದಲೇ ಕಟ್ಟಿಸಬೇಕಾದರೆ ಪ್ರಿಮೆಚ್ಯೂರ್ ಎಂಬ ಫ್ಲ್ಯಾಗ್ ಇದೆ. ಅಪ್ಲೈ ಬಟನ್ನಿಗೆ ಜೀವ ಬರಲು ಸೆಟ್‌ಮಾಡಿಫೈಡ್ ಕರೆಯಿರಿ.

ಡಬ್ಲ್ಯುಪಿಎಫ್‌ನಲ್ಲಿ ಟ್ಯಾಬ್ ಬದಲಿಸಿ ವಾಪಸ್ ಬಂದ್ರೆ ಸ್ಕ್ರಾಲ್ ಜಾಗ, ಆರಿಸಿದ ಸಾಲು ಎಲ್ಲ ಹೋಗಿರುತ್ತೆ.

ಟ್ಯಾಬುಗಳನ್ನು ಐಟಮ್ಸ್‌ಸೋರ್ಸ್ ಮೂಲಕ ಪಟ್ಟಿಯಿಂದ ಹುಟ್ಟಿಸಿದ್ದೀರಿ ಅಲ್ವಾ? ಆಗ ಡಬ್ಲ್ಯುಪಿಎಫ್ ತೋರಿಸುವ ಜಾಗ ಒಂದನ್ನೇ ಇಟ್ಟುಕೊಂಡು ಒಳಗಿನದನ್ನು ಬದಲಿಸುತ್ತದೆ. ಡೇಟಾಗೆ ಬೈಂಡ್ ಆಗಿಲ್ಲದ್ದು ಯಾವುದೂ ಉಳಿಯುವುದಿಲ್ಲ. ಉಳಿಯಬೇಕಾದ್ದನ್ನು ವ್ಯೂಮಾಡೆಲ್‌ಗೆ (ಪರದೆಯ ಡೇಟಾ ಇಟ್ಟುಕೊಳ್ಳುವ ಕ್ಲಾಸಿಗೆ) ಬೈಂಡ್ ಮಾಡಿ. ಇಲ್ಲವೇ ಟ್ಯಾಬುಗಳನ್ನು ಪರದೆಯ ವಿನ್ಯಾಸ ಇರುವ ಜಾಮ್ಲ್ (XAML) ಫೈಲಿನಲ್ಲೇ ನೇರವಾಗಿ ಬರೆಯಿರಿ. ಐದೇ ಟ್ಯಾಬಿಗೆ ಅದೇ ಸಾಕು.

ಅಲ್ಲೇ ಇನ್ನೊಂದು ಬಲೆ ಇದೆ. ಟೆಕ್ಸ್ಟ್‌ಬಾಕ್ಸಿನಲ್ಲಿ ಬರೆದದ್ದು ಸಾಮಾನ್ಯವಾಗಿ ಕರ್ಸರ್ ಹೊರಗೆ ಹೋದಾಗ ಮಾತ್ರ ಡೇಟಾಗೆ ಸೇರುತ್ತದೆ. ಅಂಕಿ ಬರೆದು ನೇರವಾಗಿ ಎಂಟರ್ ಒತ್ತಿದರೆ ಕರ್ಸರ್ ಅಲ್ಲೇ ಇರುತ್ತದೆ, ಓಕೆ ನಡೆದುಬಿಡುತ್ತದೆ, ಕೊನೆಯ ಅಂಕಿ ಸೇರುವುದಿಲ್ಲ. ಅಪ್‌ಡೇಟ್ ಟ್ರಿಗರನ್ನು ಪ್ರಾಪರ್ಟಿಚೇಂಜ್ಡ್ ಎಂದು ಇಡಿ.

ಡೈಲಾಗ್ ತೆರೆಯೋಕೆ ತುಂಬಾ ಹೊತ್ತು ಹಿಡಿಯುತ್ತೆ.

ಮೊದಲು ಪ್ರಿಂಟರ್ ಟ್ಯಾಬ್ ನೋಡಿ. ನೆಟ್‌ವರ್ಕಿನಲ್ಲಿರುವ ಪ್ರಿಂಟರ್ ಆಫ್ ಆಗಿದ್ದರೆ ಅದರ ಉತ್ತರಕ್ಕೆ ಕಾಯುತ್ತಾ ಇಡೀ ಡೈಲಾಗ್ ನಿಂತಿರುತ್ತದೆ. ಆ ಹುಡುಕಾಟವನ್ನು ಬೇರೆ ಥ್ರೆಡ್ಡಿಗೆ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ನಡೆಯುವ ಇನ್ನೊಂದು ಕೆಲಸದ ಸಾಲಿಗೆ) ಕಳಿಸಿ, ಟ್ಯಾಬ್ ತೆರೆದಾಗ ಮಾತ್ರ ಶುರು ಮಾಡಿ, ಅಲ್ಲಿಯವರೆಗೆ 'ಹುಡುಕುತ್ತಿದೆ' ಎಂದು ತೋರಿಸಿ. ಉತ್ತರ ಬಂದ ಮೇಲೆ ಪರದೆ ಬದಲಿಸುವ ಕೆಲಸ ಮಾತ್ರ ಮುಖ್ಯ ಥ್ರೆಡ್ಡಿನಲ್ಲೇ ಆಗಬೇಕು. ಅಷ್ಟರಲ್ಲಿ ಡೈಲಾಗ್ ಮುಚ್ಚಿದ್ದರೆ ಆ ಉತ್ತರವನ್ನು ಕೈಬಿಡಿ.

ಮಾಲೀಕರಿಗೆ ಮಾತ್ರ ಕಾಣಬೇಕಾದ ಟ್ಯಾಬ್ ಇದೆ. ಮುಚ್ಚಿಡ್ಲಾ, ಮಸುಕು ಮಾಡ್ಲಾ?

ಲಾಗಿನ್ ಆದವರಿಗೆ ಆ ಟ್ಯಾಬ್ ಎಂದೂ ಸಿಗುವುದಿಲ್ಲ ಎಂದರೆ ಮುಚ್ಚಿಡಿ. ಈಗ ಸಿಗುವುದಿಲ್ಲ, ಏನೋ ಒಂದು ಮಾಡಿದರೆ ಸಿಗುತ್ತದೆ ಎಂದರೆ ಮಸುಕು ಮಾಡಿ, ಏನು ಮಾಡಬೇಕೆಂದೂ ತಿಳಿಸಿ. ಕ್ಯೂಟ್ 5.15ರಿಂದ ಸೆಟ್‌ಟ್ಯಾಬ್‌ವಿಸಿಬಲ್ ಇದೆ. ಟಿಕಿಂಟರ್‌ನ ನೋಟ್‌ಬುಕ್ಕಿನಲ್ಲಿ ಹೈಡ್ ಇದೆ. ವಿನ್‌ಫಾರ್ಮ್ಸ್‌ನಲ್ಲಿ ಪುಟದ ವಿಸಿಬಲ್ ಬದಲಿಸಿದರೆ ಟ್ಯಾಬ್ ಹೋಗುವುದಿಲ್ಲ, ಪಟ್ಟಿಯಿಂದಲೇ ತೆಗೆದು ಬೇಕಾದಾಗ ಮತ್ತೆ ಸೇರಿಸಬೇಕು. ಟ್ಯಾಬ್ ಮುಚ್ಚಿಟ್ಟರೆ ಭದ್ರತೆ ಆಯಿತು ಎಂದು ಮಾತ್ರ ತಿಳಿಯಬೇಡಿ. ಸೇವ್ ಮಾಡುವ ಜಾಗದಲ್ಲೂ ಅಧಿಕಾರ ಪರೀಕ್ಷಿಸಿ.

ಮುಂದಿನ ಸಲ ತೆರೆದಾಗ ಯಾವ ಟ್ಯಾಬ್ ಬರ್ಬೇಕು?

ಕಳೆದ ಸಲ ಬಿಟ್ಟ ಟ್ಯಾಬ್ ಬಂದರೆ ಅನುಕೂಲ. ನೆನಪಿಡುವಾಗ '2' ಎಂದು ಸಂಖ್ಯೆ ಇಡಬೇಡಿ. ಪ್ರತಿ ಟ್ಯಾಬಿಗೂ ಬದಲಾಗದ ಒಂದು ಗುರುತು ಕೊಟ್ಟು ಅದನ್ನು ಇಡಿ. ಮುಂದಿನ ಆವೃತ್ತಿಯಲ್ಲಿ ನಡುವೆ ಹೊಸ ಟ್ಯಾಬ್ ಸೇರಿದರೆ, ಅಥವಾ ಆ ಬಳಕೆದಾರರಿಗೆ ಒಂದು ಟ್ಯಾಬ್ ಇಲ್ಲದಿದ್ದರೆ ಸಂಖ್ಯೆ ಬೇರೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಗುರುತು ಸಿಗದಿದ್ದರೆ ಮೊದಲ ಟ್ಯಾಬ್ ತೆರೆಯಲಿ.

ಕಸ್ಟಮರಿಗೆ ಕೊಡೋ ಮುಂಚೆ ಏನೇನು ನೋಡ್ಕೋಬೇಕು?

ಒಂದು ಟ್ಯಾಬಿನಲ್ಲಿ ತಪ್ಪು ಮಾಡಿ ಇನ್ನೊಂದರಿಂದ ಓಕೆ ಒತ್ತಿ. ಯಾವ ಟ್ಯಾಬನ್ನೂ ತೆರೆಯದೆ ಓಕೆ ಒತ್ತಿ, ಸೇವ್ ಆದ ಫೈಲ್ ಮೊದಲಿನಂತೇ ಇದೆಯಾ ಎಂದು ಹೋಲಿಸಿ. ಐದೂ ಟ್ಯಾಬಿನಲ್ಲಿ ಏನಾದರೂ ಬದಲಿಸಿ ಕ್ಯಾನ್ಸಲ್ ಒತ್ತಿ, ಮತ್ತೆ ತೆರೆದು ನೋಡಿ. ಮೂಲೆಯ ಕ್ರಾಸ್ ಗುರುತು, ಎಸ್ಕೇಪ್ ಕೀ ಎರಡೂ ಕ್ಯಾನ್ಸಲ್ ಥರಾನೇ ನಡೆಯಬೇಕು. ಇವಿಷ್ಟನ್ನು ಪ್ರೋಗ್ರಾಂ ಮೂಲಕವೇ ಪರೀಕ್ಷಿಸಲು ಬರೆದಿಟ್ಟರೆ ಪ್ರತಿ ಆವೃತ್ತಿಗೂ ಉಪಯೋಗ.

ಅದಾದ ಮೇಲೆ ಅಂಗಡಿಗೆ ಹೋಗಿ. ಬಿಲ್ ಹಾಕುವವರ ಕಂಪ್ಯೂಟರಿನಲ್ಲಿ, ಅವರದೇ ಪರದೆಯಲ್ಲಿ ಡೈಲಾಗ್ ತೆರೆದು 'ಹಮಾಲಿ ರೇಟು ಬದಲಿಸಿ ಅಣ್ಣ' ಎಂದು ಕೇಳಿ, ನೀವು ಕೈ ಕಟ್ಟಿ ನಿಲ್ಲಿ. ಅವರು ಮೊದಲು ಯಾವ ಟ್ಯಾಬ್ ಒತ್ತುತ್ತಾರೆ ನೋಡಿ. ಕಮಿಷನ್ ಬಿಟ್ಟು ಅಂಗಡಿ ಟ್ಯಾಬ್ ಒತ್ತಿದರೆ ಆ ಖಾನೆಯನ್ನು ಅಂಗಡಿ ಟ್ಯಾಬಿಗೇ ಕಳಿಸಿ.